ಅನ್ನದ ಋಣ

ವಿಜಯದಶಮಿಯ ಸಂಜೆ ಗಂಗೆಯ ಘಾಟುಗಳಲ್ಲಿ ದುರ್ಗಾಪ್ರತಿಮೆಗಳು ನೀರಿಗಿಳಿದ ಮೇಲೆ ಕೋಲ್ಕತ್ತ ಮಹಾನಗರವನ್ನು ಒಂದು ಬಗೆಯ ನಿಶ್ಶಬ್ದ ಆವರಿಸುತ್ತದೆ. ಹಗಲಿರುಳೆನ್ನದೆ ಮೊಳಗಿದ ಢಾಕಿನ ಸದ್ದು ಅಡಗುತ್ತದೆ. ದೂರದ ಜಿಲ್ಲೆಗಳ ಹಳ್ಳಿಗಳಿಂದ ಬಂದು ಸಿಯಾಲ್ದಾ ನಿಲ್ದಾಣದ ಮುಂದೆ ಕರೆಗಾಗಿ ಕಾದು ನಿಂತಿದ್ದ ಢಾಕಿಗಳು, ತಮ್ಮ ಮಕ್ಕಳ ಹಬ್ಬವನ್ನು ಊರಿನಲ್ಲೇ ಬಿಟ್ಟು ಪರರ ಹಬ್ಬಕ್ಕೆ ದನಿಯಾದವರು, ದೊರೆತ ಸಂಭಾವನೆಯನ್ನು ಗಂಟು ಕಟ್ಟಿಕೊಂಡು ಮರಳಿ ರೈಲು ಹತ್ತುತ್ತಾರೆ. ಮಂಟಪಗಳ ಬಿದಿರುಗಳು ಕಳಚಿ ಬೀದಿಯ ಬದಿಗೆ ಒರಗುತ್ತವೆ. ಕಿರಿಯರು ಹಿರಿಯರ ಕಾಲು ಮುಟ್ಟಿ ನಮಸ್ಕರಿಸುವ, ಸಮವಯಸ್ಕರು ಆಲಿಂಗಿಸಿಕೊಳ್ಳುವ, ಬಂದವರಿಗೆಲ್ಲ ಸಿಹಿ ಸಲ್ಲುವ ‘ಬಿಜೋಯಾ’ದ ದಿನಗಳು ಮೊದಲಾಗುತ್ತವೆ. ಅದೇ ಸಂಜೆ ಅತ್ತ ಉತ್ತರ ಕರ್ನಾಟಕದ ಊರುಗಳಲ್ಲಿ ಜನ ಬನ್ನಿಯ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟು ಹಳೆಯ ಮನಸ್ತಾಪಗಳನ್ನು ಮರೆಯುತ್ತಾರೆ. ಊರು ಬೇರೆ, ಭಾಷೆ ಬೇರೆ; ಆದರೆ ಹಬ್ಬ ಮುಗಿದ ಮೇಲೆ ಮನುಷ್ಯನಿಗೆ ಮನುಷ್ಯನ ನೆನಪಾಗುವ ಬಗೆ ಒಂದೇ.

ಕನ್ನಡಿಗನ ಮನೆಯ ಗೋಡೆಗೆ ತೂಗುಹಾಕಿದ ಪಂಚಾಂಗದ ಪ್ರಕಾರ ಆಶ್ವಯುಜ, ಕಾರ್ತಿಕಗಳೆರಡೂ ಶರದೃತು. ನೆರೆಮನೆಯ ಬಂಗಾಳಿ ಪಂಜಿಕೆಯ ಪ್ರಕಾರವಾದರೋ ಕಾರ್ತಿಕ ಹುಟ್ಟಿದೊಡನೆ ಹೇಮಂತವೇ ಬಂದಿತು. ಶಿಉಲಿ ಎಂದು ಬಂಗಾಳಿಗಳು ಕರೆಯುವ ಪಾರಿಜಾತ ಉದುರುವುದು ಕಡಮೆಯಾಗಿ, ಸಂಜೆ ಬೇಗನೆ ಕವಿದು, ಮುಂಜಾನೆ ಮೈದಾನದ ಹುಲ್ಲಿನ ಮೇಲೆ ತೆಳುವಾದ ಮಂಜು ಕಾಣಿಸಿಕೊಳ್ಳುವ ಕಾಲವದು. ಕಾರ್ತಿಕವಿಡೀ ಕೆಲವು ಹಳೆಯ ಮನೆಗಳ ಮಾಳಿಗೆಯಲ್ಲಿ ಬಿದಿರ ಗಳುವಿನ ತುದಿಗೆ ಆಕಾಶದೀಪವನ್ನು ಏರಿಸುವ ಪದ್ಧತಿ ಬಂಗಾಳದಲ್ಲುಂಟು. ಅಗಲಿದ ಹಿರಿಯರಿಗೆ ದಾರಿ ಕಾಣಲಿ ಎಂಬುದು ಅದರ ಆಶಯ. ಮಹಾಲಯದ ಬೆಳಗಿನಲ್ಲಿ ಅವರಿಗೆ ತಿಲೋದಕ ಕೊಟ್ಟದ್ದಷ್ಟೇ ಸಾಲದು, ಹಬ್ಬದ ಗದ್ದಲ ಕಳೆದ ಮೇಲೂ ಅವರನ್ನು ನೆನೆಯಬೇಕು ಎಂದು ಆ ಒಂಟಿ ದೀಪ ಹೇಳುವಂತಿದೆ.

ಇದು ಪಡೆದದ್ದನ್ನು ನೆನೆಯುವ ಋತು. ಭೂಮಿಯ ಮೇಲೆ ಬೇಸಾಯವುಳ್ಳ ಜನ ಎಲ್ಲೆಲ್ಲಿ ಇದ್ದಾರೆಯೋ ಅಲ್ಲೆಲ್ಲ ಬೆಳೆ ಕೈಗೆ ಬರುವ ಹೊತ್ತಿಗೆ ಒಂದು ನಮಸ್ಕಾರವಿದೆ. ಆಶ್ವಯುಜದ ಹುಣ್ಣಿಮೆಯಂದು ಮಲೆನಾಡಿನ ರೈತರು ಭೂಮಿ ಹುಣ್ಣಿಮೆಯನ್ನು ಆಚರಿಸುತ್ತಾರೆ. ತೆನೆ ಕಟ್ಟುತ್ತಿರುವ ಭತ್ತದ ಗದ್ದೆ ಅವರ ಕಣ್ಣಿಗೆ ತುಂಬಿದ ಬಸುರಿ. ಚಿತ್ತಾರ ಬರೆದ ಬುಟ್ಟಿಯಲ್ಲಿ ಬಗೆಬಗೆಯ ಸೊಪ್ಪು ತರಕಾರಿಗಳ ಅಡಿಗೆಯನ್ನು ಹೊತ್ತು ಬೆಳಕು ಹರಿಯುವ ಮುನ್ನವೇ ಗದ್ದೆಗೆ ನಡೆದು, ಮಗಳಿಗೆ ಬಯಕೆಯ ಊಟ ಬಡಿಸುವಂತೆ ಚರಗ ಚೆಲ್ಲಿ ಬರುತ್ತಾರೆ. ಅದೇ ಹುಣ್ಣಿಮೆಯ ಇರುಳು ಬಂಗಾಳದ ಮನೆಮನೆಯಲ್ಲಿ ಕೋಜಾಗರಿ ಲಕ್ಷ್ಮೀಪೂಜೆ. ಅಕ್ಕಿಹಿಟ್ಟಿನ ಆಲ್ಪನಾದಲ್ಲಿ ಭತ್ತದ ತೆನೆ, ಅದರ ಪಕ್ಕದಲ್ಲಿ ಹೊಸ್ತಿಲು ದಾಟಿ ಒಳಬರುವ ಪುಟ್ಟ ಪಾದಗಳು. ರಾಢದ ಹಳ್ಳಿಗಳಲ್ಲಿ ಆಶ್ವಿನ ಮಾಸದ ಕೊನೆಯ ದಿನ ಗರ್ಭ ಕಟ್ಟಿದ ಭತ್ತಕ್ಕೆ ‘ಸಾಧ’, ಎಂದರೆ ಸೀಮಂತದ ಉಪಚಾರವೂ ಉಂಟು. ತೀರ್ಥಹಳ್ಳಿಯ ರೈತನೂ ವರ್ಧಮಾನದ ರೈತನೂ ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ. ಆದರೂ ಇಬ್ಬರೂ ಮಣ್ಣನ್ನು ತಾಯಿಯಾಗಲಿರುವ ಹೆಣ್ಣೆಂದೇ ಕಂಡರು.

ಆ ಬಳಿಕ ಕೊಯ್ಲು. ಕೊಡಗಿನಲ್ಲಿ ಪುತ್ತರಿ, ತುಳುನಾಡು ಕಾಸರಗೋಡುಗಳಲ್ಲಿ ಹೊಸ ಅಕ್ಕಿಯ ಊಟ, ಬಂಗಾಳದಲ್ಲಿ ಅಗ್ರಹಾಯಣದ ನವಾನ್ನ. ಹೊಸ ಅಕ್ಕಿಗೆ ಹಾಲು, ಬೆಲ್ಲ, ತೆಂಗಿನಕಾಯಿ ಕೂಡಿಸಿ ದೇವರಿಗೂ ಪಿತೃಗಳಿಗೂ ಕಾಗೆಗೂ ಕೊಟ್ಟ ಮೇಲೆಯೇ ಮನೆಯವರು ಬಾಯಿಗಿಡಬೇಕೆಂಬುದು ನವಾನ್ನದ ನಿಯಮ. ಕಡಲಾಚೆಗೆ ಅಮೆರಿಕದಲ್ಲಿ ನವೆಂಬರಿನ ನಾಲ್ಕನೆಯ ಗುರುವಾರ ‘ಥ್ಯಾಂಕ್ಸ್‌ಗಿವಿಂಗ್’. ಇಂದು ಅಲ್ಲಿ ನೆಲೆಸಿದ ಕನ್ನಡದ ಮಕ್ಕಳೂ ಆ ದಿನ ಬಂಧುಮಿತ್ರರನ್ನು ಕೂಡಿಸಿ ಉಣ್ಣುತ್ತಾರೆ. 1621ರಲ್ಲಿ ಪ್ಲಿಮತ್‌ನಲ್ಲಿ ಇಂಗ್ಲಿಷ್ ವಲಸೆಗಾರರು ಮಾಡಿದ ಸುಗ್ಗಿಯೂಟವನ್ನು ಅದರ ಮೂಲವೆನ್ನುತ್ತಾರೆ. ಮೊದಲ ಚಳಿಗಾಲದಲ್ಲಿ ಆ ವಲಸೆಗಾರರ ಅರ್ಧದಷ್ಟು ಮಂದಿ ತೀರಿಕೊಂಡಿದ್ದರು. ಉಳಿದವರಿಗೆ ಜೋಳ ಬಿತ್ತುವುದನ್ನು ಕಲಿಸಿದವರು ಆ ನೆಲದ ಮೂಲನಿವಾಸಿಗಳು. ಮುಂದೆ ಅಂತರ್ಯುದ್ಧದ ನಡುವೆ, 1863ರಲ್ಲಿ, ಅಧ್ಯಕ್ಷ ಲಿಂಕನ್ನರು ಅದನ್ನು ರಾಷ್ಟ್ರದ ಆಚರಣೆಯೆಂದು ಸಾರಿದರು.

ಈ ಹಬ್ಬಗಳೆಲ್ಲ ಗದ್ದೆಯ ಅಂಚಿನಲ್ಲಿ ಹುಟ್ಟಿದವು. ಮಹಾನಗರದಲ್ಲಿ ನೆಲೆಸಿದವನಿಗೆ ಗದ್ದೆಯಿಲ್ಲ, ಅಕ್ಕಿಯ ಚೀಲವಿದೆ. ಹಾಗಾದರೆ ಅವನ ಕೃತಜ್ಞತೆ ಯಾರಿಗೆ, ಏತಕ್ಕೆ? ಈ ಪ್ರಶ್ನೆ ಶಾಸ್ತ್ರಗ್ರಂಥದಲ್ಲಿ ಹುಟ್ಟಬೇಕೆಂದಿಲ್ಲ, ಅಡಿಗೆಮನೆಯಲ್ಲೇ ಹುಟ್ಟಬಹುದು.

ದಕ್ಷಿಣ ಕೋಲ್ಕತ್ತದಲ್ಲಿ, ಬಾಳೆಲೆಯೂ ಕರಿಬೇವೂ ಕಾಫಿಪುಡಿಯೂ ಸಿಕ್ಕುವ ಲೇಕ್ ಮಾರ್ಕೆಟ್ಟಿನ ಆಸುಪಾಸಿನಲ್ಲಿ, ಕನ್ನಡದ ಮಾತು ಕೇಳಿಬರುವ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಆ ಮನೆಯ ಅಜ್ಜಿ ದಿನವೂ ಅಕ್ಕಿ ತೊಳೆಯುವ ಮುನ್ನ ಒಂದು ಹಿಡಿ ತೆಗೆದು ಬೇರೊಂದು ಡಬ್ಬಿಗೆ ಹಾಕುತ್ತಾಳೆ. ಅವಳ ತಾಯಿ ಹಾಗೆ ಮಾಡುತ್ತಿದ್ದಳು, ಇವಳೂ ಮಾಡುತ್ತಾಳೆ. ಒಂದು ದಿನ ಮೊಮ್ಮಗ ತಟ್ಟೆಯಲ್ಲಿ ಅನ್ನ ಬಿಟ್ಟು ಏಳಲು ಹೋದಾಗ, “ಅನ್ನ ಚೆಲ್ಲಬಾರದಪ್ಪಾ, ಅನ್ನದ ಋಣ ದೊಡ್ಡದು” ಎಂದಳು. ಹುಡುಗ ತಟ್ಟನೆ, “ಋಣ ಹೇಗಾಗುತ್ತದೆ ಅಜ್ಜೀ? ಅಪ್ಪ ದುಡ್ಡು ಕೊಟ್ಟೇ ತಂದದ್ದಲ್ಲವೆ? ದುಡ್ಡು ಕೊಟ್ಟ ಮೇಲೆ ಸಾಲ ತೀರಿತಲ್ಲ?” ಎಂದು ಕೇಳಿದ. ಅಜ್ಜಿಗೆ ಕೂಡಲೇ ಉತ್ತರ ತೋಚಲಿಲ್ಲ. “ಮೊದಲು ಉಂಡು ಏಳು ಮಗು, ಆಮೇಲೆ ಹೇಳುತ್ತೇನೆ” ಎಂದಳು.

ಹುಡುಗನ ಪ್ರಶ್ನೆ ಉದ್ಧಟತನದ್ದಲ್ಲ. ಅದು ಈ ಯುಗದ ಪ್ರಶ್ನೆ. ಬೆಲೆಯನ್ನು ತೆತ್ತವನು ಋಣಮುಕ್ತನೆಂಬುದು ಸಂತೆಯ ನ್ಯಾಯ. ಆ ನ್ಯಾಯವಿಲ್ಲದೆ ನಗರದ ಬಾಳು ಒಂದು ದಿನವೂ ಸಾಗದು. ಆದರೆ ಬೆಲೆ ಯಾವುದಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲದೆ ಉಳಿಯುತ್ತದೆ ಎಂಬುದನ್ನು ಎಣಿಸಿ ನೋಡಿದವರು ವಿರಳ.

ನಸುಕಿನಲ್ಲಿ ಸಿಯಾಲ್ದಾಕ್ಕೆ ಬಂದಿಳಿಯುವ ರೈಲುಗಳಲ್ಲಿ ಇಪ್ಪತ್ತನಾಲ್ಕು ಪರಗಣಗಳ ತರಕಾರಿಯ ಬುಟ್ಟಿಗಳು ಬರುತ್ತವೆ. ಪಕ್ಕದ ಕೋಲೆ ಮಾರ್ಕೆಟ್ಟಿನಲ್ಲಿ ಅವು ಬೆಳಕು ಹರಿಯುವ ಮೊದಲೇ ಕೈ ಬದಲಾಯಿಸುತ್ತವೆ. ಕ್ಯಾನಿಂಗ್, ಲಕ್ಷ್ಮೀಕಾಂತಪುರದ ಕಡೆಯ ರೈಲುಗಳಲ್ಲಿ, ತಮ್ಮ ಮನೆಯ ಒಲೆಯನ್ನು ಕತ್ತಲಲ್ಲೇ ಹೊತ್ತಿಸಿ ಆರಿಸಿ, ನಗರದ ಮನೆಗಳ ಒಲೆ ಹೊತ್ತಿಸಲು ಹೆಂಗಸರು ಬರುತ್ತಾರೆ. ನಗರದ ಪೂರ್ವಕ್ಕೆ ಸುಮಾರು 12,500 ಹೆಕ್ಟೇರುಗಳ ಜೌಗುನೆಲವಿದೆ. ಮಹಾನಗರ ಹೊರಹಾಕಿದ ಕೊಳಚೆ ನೀರು ಅಲ್ಲಿಯ ಕೆರೆಗಳಿಗೆ ಹರಿದು, ಬಿಸಿಲು, ಪಾಚಿ, ಮೀನುಗಳ ನೆರವಿನಿಂದ ತಿಳಿಯಾಗುತ್ತದೆ. ಧಾಪಾದ ಹೊಲಗಳಲ್ಲಿ ನಗರದ ಕಸವೇ ಗೊಬ್ಬರವಾಗಿ ಹೂಕೋಸು, ಸೊಪ್ಪು ಬೆಳೆದು ಮರಳಿ ನಗರದ ತಟ್ಟೆಗೇ ಬರುತ್ತದೆ. ಧ್ರುವಜ್ಯೋತಿ ಘೋಷ್ ಎಂಬ ಎಂಜಿನಿಯರರು ಬೆಸ್ತರ, ರೈತರ ಈ ಜಾಣ್ಮೆಯನ್ನು ಅವರಿಂದಲೇ ಕಲಿತು ಲೋಕಕ್ಕೆ ತಿಳಿಸಿದರು. 2002ರಲ್ಲಿ ಆ ನೆಲ ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಹೂಕೋಸಿನ ಬೆಲೆಯನ್ನು ಕೊಂಡವನು ತೆರುತ್ತಾನೆ. ಅವನ ಮನೆಯ ಕೊಳೆಯನ್ನು ತೊಳೆದ ನೀರಿಗೆ, ಬಿಸಿಲಿಗೆ, ಮೊಣಕಾಲುದ್ದ ಕೆಸರಿನಲ್ಲಿ ನಿಂತವನ ತಲೆಮಾರುಗಳ ತಿಳಿವಿಗೆ ಅವನು ಬೆಲೆ ತೆತ್ತನೆ? ತೆರಲೆಂದರೂ ಯಾರಿಗೆ ತೆರಬೇಕು? ಹಣ ಕೊಟ್ಟದ್ದು ಪದಾರ್ಥವು ಕೈ ಬದಲಾಯಿಸಿದ್ದಕ್ಕೆ. ಪದಾರ್ಥವು ಉಂಟಾದದ್ದಕ್ಕೆ ಅಲ್ಲ.

‘ಕೃತಜ್ಞತೆ’ ಎಂಬ ಮಾತನ್ನೇ ಬಿಡಿಸಿ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಕೃತವನ್ನು, ಎಂದರೆ ಮಾಡಲ್ಪಟ್ಟದ್ದನ್ನು, ಬಲ್ಲವನು ಕೃತಜ್ಞ. ಆ ಪದದಲ್ಲಿ ಭಾವುಕತೆಯಿಲ್ಲ, ಬಾಗುವಿಕೆಯಿಲ್ಲ, ‘ಜ್ಞಾನ’ವಿದೆ. ಇಂಗ್ಲಿಷಿನ ‘ಥ್ಯಾಂಕ್’ ಎಂಬ ಮಾತಿಗೂ ಆಲೋಚಿಸುವುದೆಂಬ ಅರ್ಥದ ‘ಥಿಂಕ್’ ಎಂಬ ಮಾತಿಗೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಕನ್ನಡದ ಮನೆಗಳಲ್ಲಿ ತಾಯಿ ಬಡಿಸಿದ್ದಕ್ಕೆ ‘ಧನ್ಯವಾದ’ ಎಂದು ಹೇಳುವ ರೂಢಿ ಹಿಂದೆ ಇರಲಿಲ್ಲ. ಬಂಗಾಳದ ಮನೆಗಳಲ್ಲಿಯೂ ಇರಲಿಲ್ಲ. ಹೇಳಿದರೆ ತಾಯಿಗೆ ಬೇಸರವೇ ಆಗುತ್ತಿತ್ತೇನೋ. ಉಪಕಾರವನ್ನು ಬಾಯಿಂದ ತೀರಿಸಿಬಿಡುವುದಕ್ಕಿಂತ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ದೊಡ್ಡದೆಂದು ಆ ಜನ ಭಾವಿಸಿದ್ದರು. ಕೃತಘ್ನನಾದರೋ ಕೇಡು ಮಾಡಿದವನೇ ಆಗಬೇಕಿಲ್ಲ. ಮಾಡಿದ್ದನ್ನು ತನ್ನ ಅರಿವಿನಿಂದ ಅಳಿಸಿಹಾಕಿದವನಾದರೆ ಸಾಕು.

ಇದಕ್ಕೆ ನಿದರ್ಶನ ಕನ್ನಡ ನೆಲದಲ್ಲೇ ಇದೆ. ಹಂಪೆ, ಆನೆಗೊಂದಿಗಳ ಸುತ್ತಣ ಬಂಡೆಗಳ ಸೀಮೆಯನ್ನು ಜನ ಕಿಷ್ಕಿಂಧೆಯೆಂದು ನಂಬಿಕೊಂಡು ಬಂದಿದ್ದಾರೆ. ಮಳೆಗಾಲ ಕಳೆಯಲೆಂದು ರಾಮನು ಬೆಟ್ಟದ ಗುಹೆಯಲ್ಲಿ ಕಾದು ಕುಳಿತಿದ್ದ. ಅವನ ನೆರವಿನಿಂದ ರಾಜ್ಯವನ್ನೂ ಮಡದಿಯನ್ನೂ ಮರಳಿ ಪಡೆದ ಸುಗ್ರೀವ ಶರತ್ಕಾಲ ಬಂದೊಡನೆ ಸೀತೆಯನ್ನರಸಲು ಹೊರಡಬೇಕಿತ್ತು. ಮೋಡ ಕರಗಿತು, ಹಾದಿಗಳು ಒಣಗಿದವು. ಸುಗ್ರೀವ ಅಂತಃಪುರದಿಂದ ಹೊರಬರಲಿಲ್ಲ. ಸಿಡಿದೆದ್ದು ಬಂದ ಲಕ್ಷ್ಮಣನು, ಮಹಾಪಾಪಗಳಿಗೂ ಶಾಸ್ತ್ರದಲ್ಲಿ ಪ್ರಾಯಶ್ಚಿತ್ತವುಂಟು, ಕೃತಘ್ನತೆಗೆ ಮಾತ್ರ ಇಲ್ಲವೆಂಬ ಹಿರಿಯರ ಮಾತನ್ನು ಅವನಿಗೆ ನೆನಪಿಸುತ್ತಾನೆ. ಸುಗ್ರೀವನಿಗೆ ರಾಮನ ಮೇಲೆ ದ್ವೇಷವಿರಲಿಲ್ಲ. ಇದ್ದದ್ದು ಸುಖ ಮಾತ್ರ. ದುಃಖದಲ್ಲಿದ್ದಾಗ ಅವನಿಗೆ ಎಲ್ಲವೂ ನೆನಪಿತ್ತು. ಹೊಟ್ಟೆ ತುಂಬಿದ ಮೇಲೆ ಮರೆವು ಬಂದಿತು. ನೆಮ್ಮದಿಯ ಊರಿನಲ್ಲಿ ನೆಲೆನಿಂತ ಯಾವ ಮನುಷ್ಯನಿಗಾದರೂ ಈ ಕಥೆ ದೂರದ್ದಲ್ಲ. ಬಂಗಾಳದ ಶರನ್ನವರಾತ್ರಿಯ ಹಿಂದೆ ಇರುವುದೂ ಅದೇ ರಾಮನ ಕಥೆ. ಕೃತ್ತಿವಾಸರ ರಾಮಾಯಣದಂತೆ ರಾವಣವಧೆಗೆ ಮುನ್ನ ರಾಮನು ಅಕಾಲದಲ್ಲಿ ದೇವಿಯನ್ನು ಎಚ್ಚರಿಸಿ 108 ನೀಲಕಮಲಗಳಿಂದ ಪೂಜಿಸಲು ಕುಳಿತ. ಒಂದು ಹೂ ಕಡಮೆಯಾಯಿತು. ಕಮಲನಯನನೆಂದು ಲೋಕ ಹೊಗಳಿದ ತನ್ನ ಕಣ್ಣನ್ನೇ ಕೀಳಲು ಅವನು ಬಾಣವೆತ್ತಿದಾಗ ದೇವಿ ಅವನ ಕೈ ಹಿಡಿದಳು. ಪಡೆಯುವ ಮುನ್ನವೇ ಕೊಡಲು ಸಿದ್ಧನಾದವನು ರಾಮ. ಪಡೆದ ಮೇಲೂ ಮರೆತವನು ಸುಗ್ರೀವ. ಸಾಮಾನ್ಯ ಮನುಷ್ಯನ ನೆಲೆ ಈ ಎರಡರ ನಡುವೆ ಎಲ್ಲಿಯೋ ಇದೆ.

ಹಾಗಿದ್ದರೂ ಕೃತಜ್ಞತೆಯನ್ನು ನಿರ್ವಿವಾದವಾದ ಸದ್ಗುಣವೆಂದು ಒಪ್ಪಿಬಿಡುವ ಮುನ್ನ ಎರಡು ಆಕ್ಷೇಪಗಳನ್ನು ಎದುರಿಸಬೇಕಾಗುತ್ತದೆ.

ಮೊದಲನೆಯದು ಕರ್ಣನ ಆಕ್ಷೇಪ. ತುಂಬಿದ ಸಭೆಯಲ್ಲಿ ಅವಮಾನಿತನಾಗಿ ನಿಂತವನಿಗೆ ದುರ್ಯೋಧನನು ಅಂಗರಾಜ್ಯವನ್ನು ಕೊಟ್ಟ. ಆ ಒಂದು ದಿನದ ಋಣಕ್ಕಾಗಿ ಕರ್ಣನು ಅಧರ್ಮದ ಪಕ್ಷದಲ್ಲಿ ಕಡೆಯವರೆಗೂ ನಿಂತ. ಕ್ರಿ.ಶ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನು, ಅರ್ಜುನನನ್ನು ನಾಯಕನಾಗಿಟ್ಟುಕೊಂಡೂ ಕರ್ಣನ ನನ್ನಿಗೆ ಮನಸೋತ. ಕನ್ನಡಿಗರು ಇಂದಿಗೂ ಕರ್ಣನಿಗಾಗಿ ಮರುಗುತ್ತಾರೆ. ಆದರೆ ಉಪ್ಪುಂಡ ಋಣದ ಹೆಸರಿನಲ್ಲಿ ಎಷ್ಟು ಒಡೆಯರು ಎಷ್ಟು ಆಳುಗಳ ಬಾಯಿ ಮುಚ್ಚಿಸಿದ್ದಾರೆ ಎಂಬುದನ್ನೂ ಮರೆಯಲಾಗದು. ಅನ್ನ ಹಾಕಿದವನು ಹೇಳಿದ್ದೆಲ್ಲ ಧರ್ಮವೆಂದಾದರೆ ಕೃತಜ್ಞತೆ ಸಂಕೋಲೆಯಾಗುತ್ತದೆ. ಕೃತಜ್ಞತೆ ಅರಿವು ಎಂಬುದು ನಿಜವಾದರೆ ಇದಕ್ಕೆ ಪರಿಹಾರ ಆ ಅರಿವಿನಲ್ಲೇ ಇದೆ. ದುರ್ಯೋಧನನು ಕೊಟ್ಟದ್ದನ್ನು ಅರಿತ ಕರ್ಣ, ಏಕೆ ಕೊಟ್ಟನೆಂಬುದನ್ನೂ ಅರಿಯಬೇಕಿತ್ತು. ಸ್ನೇಹಿತನ ಹಿತವನ್ನು ಹೇಳುವುದೂ ಸ್ನೇಹಿತನ ಋಣವನ್ನು ತೀರಿಸುವ ಒಂದು ಬಗೆಯೇ. ಉಪಕಾರಿಗೆ ಸಲ್ಲಬೇಕಾದದ್ದು ಒಳಿತು, ಅಧೀನತೆಯಲ್ಲ.

ಎರಡನೆಯ ಆಕ್ಷೇಪ ಇನ್ನೂ ಕಠಿನವಾದುದು. ಅದನ್ನು ಕೋಲ್ಕತ್ತದ ಬೀದಿಗಳೇ ಕೇಳಿದವು. 1942ರಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿಗೆ ದಕ್ಕಬಾರದೆಂದು ಆಗಿನ ಸರ್ಕಾರ ಕರಾವಳಿಯ ದೋಣಿಗಳನ್ನು ಕಸಿದುಕೊಂಡಿತು. ಅಕ್ಟೋಬರ್ 16ರಂದು, ದುರ್ಗಾಪೂಜೆಯ ದಿನಗಳಲ್ಲೇ, ಮೇದಿನೀಪುರದ ಮೇಲೆ ಚಂಡಮಾರುತ ಎರಗಿತು. ಮರುವರ್ಷ, ಬಂಗಾಳಿ ಶಕ 1350ರಲ್ಲಿ, ಮಹಾಕ್ಷಾಮ. ಸತ್ತವರು ಸುಮಾರು 30 ಲಕ್ಷವೆಂದು ಅಂದಾಜು. ಅಕ್ಕಿ ಬೆಳೆದ ಹಳ್ಳಿಯವರೇ ಮಹಾನಗರಕ್ಕೆ ನಡೆದುಬಂದು ಮನೆಗಳ ಬಾಗಿಲಲ್ಲಿ ನಿಂತು ಬೇಡಿದ್ದು ಅನ್ನವನ್ನಲ್ಲ, ಅನ್ನ ಬಸಿದ ‘ಫ್ಯಾನ್’ಅನ್ನು, ಎಂದರೆ ಗಂಜಿತಿಳಿಯನ್ನು. ಅನ್ನ ಕೇಳುವ ಧೈರ್ಯವೂ ಅವರಿಗೆ ಉಳಿದಿರಲಿಲ್ಲ. ಆ ದಿನಗಳಲ್ಲಿ ನಗರದ ಎಷ್ಟೋ ಮನೆಗಳಲ್ಲಿ ತುಂಬಿದ ತಟ್ಟೆಯ ಮುಂದೆ ಕುಳಿತವನು ಕೈಮುಗಿದು ಭಗವಂತನಿಗೆ ಕೃತಜ್ಞತೆ ಹೇಳಿದ್ದಿರಬೇಕು. ದೇವರು ತನಗೆ ಕೊಟ್ಟನೆಂದು ಅವನು ಹೇಳಿದರೆ, ಬಾಗಿಲಲ್ಲಿ ಬಿದ್ದವನಿಗೆ ದೇವರು ಕೊಡಲಿಲ್ಲವೆಂದು ಹೇಳಿದಂತಾಗಲಿಲ್ಲವೆ? ತನ್ನ ಭಾಗ್ಯಕ್ಕೆ ದೇವರ ಮುದ್ರೆ ಒತ್ತಿಕೊಳ್ಳುವುದು ಭಕ್ತಿಯೆ? ಅಮೆರಿಕದ ಸುಗ್ಗಿಯ ಹಬ್ಬಕ್ಕೂ ಇದೇ ನೆರಳಿದೆ. ಜೋಳ ಬಿತ್ತಲು ಕಲಿಸಿದ ಜನರ ಸಂತತಿಯವರು ನೆಲ ಕಳೆದುಕೊಂಡರು. 1970ರಿಂದ ಅವರಲ್ಲಿ ಹಲವರು ಅದೇ ಗುರುವಾರವನ್ನು ಪ್ಲಿಮತ್‌ನಲ್ಲಿ ಶೋಕದಿನವಾಗಿ ಆಚರಿಸುತ್ತ ಬಂದಿದ್ದಾರೆ.

ಈ ಆಕ್ಷೇಪಕ್ಕೆ ಸುಲಭವಾದ ಉತ್ತರವಿಲ್ಲ. ಆದರೆ ಅದೇ ಬಂಗಾಳದ ಎರಡು ಕ್ಷಾಮಗಳಲ್ಲಿ ಇಬ್ಬರು ಮಕ್ಕಳು ನಡೆದುಕೊಂಡ ರೀತಿ ಉತ್ತರದ ದಾರಿಯನ್ನು ತೋರಿಸುತ್ತದೆ.

1864ರಲ್ಲಿ ಜಯರಾಮವಾಟಿ ಎಂಬ ಹಳ್ಳಿಯ ಸುತ್ತಮುತ್ತ ಕ್ಷಾಮ ತಲೆದೋರಿತು. ರಾಮಚಂದ್ರ ಮುಖರ್ಜಿ ಎಂಬ ಬಡ ಬ್ರಾಹ್ಮಣನ ಮನೆಯಲ್ಲಿ ಹಿಂದಿನ ವರ್ಷದ ಒಂದಷ್ಟು ಭತ್ತ ಉಳಿದಿತ್ತು. ಮುಂದಿನ ವರ್ಷದ ಗತಿಯೇನೆಂದು ಅವನು ಎಣಿಸಲಿಲ್ಲ. ಮಡಕೆ ಮಡಕೆ ಖಿಚಡಿ ಬೇಯಿಸಿ ಬಂದವರಿಗೆಲ್ಲ ಬಡಿಸಿದ. ಹಸಿವು ತಾಳಲಾರದೆ ದನದ ಬಾನಿಯಲ್ಲಿ ನೆನೆಸಿಟ್ಟಿದ್ದ ತೌಡಿಗೇ ಬಾಯಿ ಹಾಕಿದ ಒಬ್ಬ ಹುಡುಗಿಯೂ ಅಲ್ಲಿಗೆ ಬಂದವರಲ್ಲಿ ಇದ್ದಳು. ಒಲೆಯಿಂದ ಇಳಿಸಿದ ಖಿಚಡಿ ಸುಡುತ್ತಿತ್ತು, ಹಸಿದವರಿಗೆ ಕಾಯುವ ಶಕ್ತಿಯಿರಲಿಲ್ಲ. ಮನೆಯ ಮಗಳು, ಹತ್ತರ ಹರೆಯದ ಶಾರದೆ, ಎರಡೂ ಕೈಗಳಿಂದ ಬೀಸಣಿಗೆ ಹಿಡಿದು ಅವರ ಅನ್ನವನ್ನು ಆರಿಸಿದಳು. ಆ ಬಾಲೆಯೇ ಮುಂದೆ ಶ್ರೀರಾಮಕೃಷ್ಣ ಪರಮಹಂಸರ ಸಹಧರ್ಮಿಣಿಯಾಗಿ ಶ್ರೀಮಾತೆಯೆಂದು ಪೂಜಿತಳಾದ ಶಾರದಾದೇವಿ. ತನಗೆ ಉಣ್ಣಲಿದೆಯೆಂಬ ಅರಿವು ಅಲ್ಲಿ ಕೃತಜ್ಞತೆಯ ಮಾತಾಗಿ ಹೊರಬರಲಿಲ್ಲ, ಬೀಸಣಿಗೆಯ ಗಾಳಿಯಾಗಿ ಬಂದಿತು.

1943ರಲ್ಲಿ ಶಾಂತಿನಿಕೇತನದಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನಿದ್ದ. ಬಾಗಿಲಿಗೆ ಬಂದ ಒಂದೊಂದು ಕುಟುಂಬಕ್ಕೂ ಒಂದು ಪುಟ್ಟ ಸಿಗರೇಟು ಡಬ್ಬಿಯಷ್ಟು ಅಕ್ಕಿ ಕೊಡಲು ಅವನ ತಾತ ಕ್ಷಿತಿಮೋಹನ ಸೇನರು ಅವನಿಗೆ ಅನುಮತಿಯಿತ್ತಿದ್ದರು. ಒಬ್ಬರಿಗೆ ಒಂದೇ ಡಬ್ಬಿ. ಹುಡುಗ ಕೊಟ್ಟ, ಆದರೆ ಡಬ್ಬಿಯ ಲೆಕ್ಕ ಅವನ ಮನಸ್ಸನ್ನು ಬಿಡಲಿಲ್ಲ. ಅವನೇ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್. 1981ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು, ಆ ವರ್ಷ ಬಂಗಾಳದಲ್ಲಿ ಅಕ್ಕಿ ಅಷ್ಟೇನೂ ಕಡಮೆಯಾಗಿರಲಿಲ್ಲವೆಂದೂ, ಕೂಲಿಕಾರರಿಗೆ, ಬೆಸ್ತರಿಗೆ, ಕುಶಲಕರ್ಮಿಗಳಿಗೆ ಏರಿದ ಬೆಲೆಯಲ್ಲಿ ಅದನ್ನು ಕೊಳ್ಳುವ ಶಕ್ತಿಯೇ ಉಳಿದಿರಲಿಲ್ಲವೆಂದೂ ವಾದಿಸಿದರು. ಅನ್ನವಿತ್ತು, ಅದರ ಮೇಲೆ ಹಕ್ಕು ಇರಲಿಲ್ಲ. ಮೊಮ್ಮಗನ ಪ್ರಶ್ನೆಗೆ ಇಲ್ಲಿ ಭಯಂಕರವಾದ ಉತ್ತರವಿದೆ: ದುಡ್ಡು ಕೊಟ್ಟವನಿಗೆ ಸಾಲವಿಲ್ಲವೆಂಬ ನ್ಯಾಯವನ್ನೇ ಕಡೆಯ ತನಕ ಹಿಡಿದರೆ, ದುಡ್ಡಿಲ್ಲದವನಿಗೆ ಅನ್ನವೂ ಇಲ್ಲವೆಂಬ ನ್ಯಾಯಕ್ಕೆ ಬಂದು ನಿಲ್ಲಬೇಕಾಗುತ್ತದೆ.

ಆದಕಾರಣ ಕೃತಜ್ಞತೆ ಪಡೆದವನ ತೃಪ್ತಿಯಲ್ಲಿ ಮುಗಿಯುವಂಥದಲ್ಲ, ಅಲ್ಲಿಂದ ಮೊದಲಾಗುವಂಥದು. ಪ್ರಾಚೀನರು ಇದನ್ನು ಋಣವೆಂದು ಕರೆದುದರ ಮರ್ಮವಿದು. ಶತಪಥ ಬ್ರಾಹ್ಮಣವು ಮನುಷ್ಯನು ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ, ಮನುಷ್ಯರಿಗೆ ಹೀಗೆ ನಾಲ್ಕು ಋಣ ಹೊತ್ತು ಹುಟ್ಟುತ್ತಾನೆನ್ನುತ್ತದೆ. ಈ ಋಣಗಳನ್ನು ತೀರಿಸುವ ಕ್ರಮ ವಿಚಿತ್ರವಾಗಿದೆ. ತಂದೆತಾಯಿಯ ಋಣ ತೀರುವುದು ಮಕ್ಕಳನ್ನು ಬೆಳೆಸುವುದರಿಂದ. ಗುರುವಿನ ಋಣ ತೀರುವುದು ಕಲಿತದ್ದನ್ನು ಉಳಿಸಿ ಬೆಳೆಸುವುದರಿಂದ. ಉಂಡ ಅನ್ನದ ಋಣ ತೀರುವುದು ಮನೆಗೆ ಬಂದವನಿಗೆ ಉಣಬಡಿಸುವುದರಿಂದ. ಸಂತೆಯ ಸಾಲ ಹಿಂದಕ್ಕೆ ಹೋಗುತ್ತದೆ, ಧರ್ಮದ ಋಣ ಮುಂದಕ್ಕೆ ಹೋಗುತ್ತದೆ. ಪಡೆದು ಕೊಡದೆ ಉಣ್ಣುವವನನ್ನು ಗೀತೆಯ ಮೂರನೆಯ ಅಧ್ಯಾಯ ಕಳ್ಳನೆಂದೇ ಕರೆಯುತ್ತದೆ. ಅವನು ಬೆಲೆ ತೆತ್ತಿದ್ದನೆ ಇಲ್ಲವೆ ಎಂಬುದನ್ನು ಅಲ್ಲಿ ವಿಚಾರಿಸಿಲ್ಲ.

ಕೊಡುವುದಕ್ಕೂ ಅಳತೆ ಬೇಕು, ತೆಗೆದುಕೊಳ್ಳುವುದಕ್ಕೂ ಅಳತೆ ಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಮಡದಿ ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ಹೆಚ್ಚಿನದನ್ನು ಆಯ್ದಲ್ಲಿಯೇ ಸುರಿದು ಬರಲು ಹೇಳಿದಳು. ಅಗತ್ಯಕ್ಕಿಂತ ಹೆಚ್ಚು ಪಡೆದದ್ದು ಆಕೆಯ ಕಣ್ಣಿಗೆ ಭಾಗ್ಯವಾಗಿರದೆ ಇನ್ನೊಬ್ಬರ ಪಾಲಾಗಿತ್ತು. ದೀಪಾವಳಿಯ ಪಾಡ್ಯದಂದು ಕನ್ನಡಿಗರು ಪೂಜಿಸುವ ಬಲೀಂದ್ರನ ಕಥೆಯಲ್ಲಿಯೂ ಮರೆತುಹೋಗುವ ಒಂದು ಭಾಗವಿದೆ. ಮೂರು ಹೆಜ್ಜೆಗಳಲ್ಲಿ ಎಲ್ಲವನ್ನೂ ಪಡೆದ ವಾಮನನು ಆ ಮೇಲೆ ಹೊರಟುಹೋಗಲಿಲ್ಲ. ಭಾಗವತದ ಪ್ರಕಾರ ಸುತಲದಲ್ಲಿ ಬಲಿಯ ಬಾಗಿಲು ಕಾಯುತ್ತ ನಿಂತ. ಪಡೆದವನು ಪರಮಾತ್ಮನೇ ಆದರೂ ಕೊಟ್ಟವನ ಬಾಗಿಲಲ್ಲಿ ನಿಲ್ಲಬೇಕಾಯಿತು. ಕುಮಾರಟುಲಿಯ ಶಿಲ್ಪಿಗಳು ದುರ್ಗೆಯ ಮೂರ್ತಿಗೆ ಮಣ್ಣು ಕಲಸುವಾಗ, ಸಮಾಜ ಹೊರಗಿಟ್ಟ ಹೆಂಗಸರ ಹೊಸ್ತಿಲಿನ ಒಂದು ಹಿಡಿ ಮಣ್ಣನ್ನು ಬೇಡಿ ತಂದು ಸೇರಿಸಬೇಕೆಂಬ ಸಂಪ್ರದಾಯವೂ ಇಂಥದೇ. ಯಾರಿಗೆ ಏನನ್ನೂ ಕೊಡಬೇಕಿಲ್ಲವೆಂದು ಲೋಕ ಬಗೆದಿದೆಯೋ ಅವರಿಂದ ಪಡೆಯದೆ ಜಗನ್ಮಾತೆಗೂ ಮೈ ಮೂಡದು.

ಜಯರಾಮವಾಟಿಯದೇ ಇನ್ನೊಂದು ಪ್ರಸಂಗ. ಶಾರದೆಯ ತಾಯಿ ಶ್ಯಾಮಾಸುಂದರಿ ಊರಿನ ಕಾಳೀಪೂಜೆಗೆಂದು ಅಕ್ಕಿ ಕೂಡಿಸಿಟ್ಟಿದ್ದಳು. ಯಾವುದೋ ಮನಸ್ತಾಪದಿಂದ ಪೂಜೆ ನಡೆಸುವವರು ಅದನ್ನು ಸ್ವೀಕರಿಸಲಿಲ್ಲ. ದೇವಿಗೆಂದು ಎತ್ತಿಟ್ಟದ್ದನ್ನು ಮನೆಯವರು ಉಣ್ಣುವಂತಿಲ್ಲ, ಕೊಡಲು ಸ್ಥಳವಿಲ್ಲ; ಆ ತಾಯಿ ಇರುಳೆಲ್ಲ ಅತ್ತಳು. ಆಗ ಜಗದ್ಧಾತ್ರಿಯು ಕಾಣಿಸಿಕೊಂಡು, ಆ ಅಕ್ಕಿಯನ್ನು ತಾನೇ ಉಣ್ಣುವುದಾಗಿ ಹೇಳಿದಳಂತೆ. ಅಂದಿನಿಂದ ಆ ಮನೆಯಲ್ಲಿ ಕಾರ್ತಿಕ ಶುದ್ಧ ನವಮಿಯ ಜಗದ್ಧಾತ್ರೀಪೂಜೆ ನಡೆದುಬಂದಿದೆ. ಪಡೆಯದವನ ದುಃಖವನ್ನು ಲೋಕವೆಲ್ಲ ಬಲ್ಲುದು. ಕೊಡಲು ಬಂದದ್ದು ಬೇಡವೆನಿಸಿಕೊಂಡವನ ದುಃಖವೂ ಅದಕ್ಕಿಂತ ಕಿರಿದಲ್ಲ.

ಲೇಕ್ ಮಾರ್ಕೆಟ್ಟಿನ ಬಳಿಯ ಆ ಮನೆಯ ಅಜ್ಜಿ ಮೊಮ್ಮಗನಿಗೆ ‘ಆಮೇಲೆ’ ಹೇಳುತ್ತೇನೆಂದದ್ದು ಹಾಗೆಯೇ ಉಳಿದಿತ್ತೆಂದಿಟ್ಟುಕೊಳ್ಳಬಹುದು. ಹಿಡಿಯಕ್ಕಿಯ ಡಬ್ಬಿ ತುಂಬಿದಾಗಲೆಲ್ಲ ಅದು ಕ್ಯಾನಿಂಗ್ ರೈಲಿನಲ್ಲಿ ಬರುವ ಕೆಲಸದಾಕೆಯ ಮನೆ ಸೇರುತ್ತಿತ್ತು. ಅದನ್ನು ದಾನವೆಂದೇ ಆ ಮನೆಯವರೆಲ್ಲ ಎಣಿಸಿದ್ದರು. ಅಗ್ರಹಾಯಣದ ಒಂದು ಬೆಳಗ್ಗೆ ಆಕೆ ಸೆರಗಿನ ಗಂಟಿನಲ್ಲಿ ಏನನ್ನೋ ಕಟ್ಟಿಕೊಂಡು ಬಂದಳು. ಊರಿನ ಅಣ್ಣನ ಗದ್ದೆಯ ಹೊಸ ಅಕ್ಕಿ, ನವಾನ್ನಕ್ಕೆ. “ಮಾಶಿಮಾ, ನಿಮ್ಮ ಠಾಕುರನಿಗೆ” ಎಂದು ಅಜ್ಜಿಯ ಕೈಗಿತ್ತಳು. ಅಜ್ಜಿಯ ಮನಸ್ಸು ಒಂದು ಗಳಿಗೆ ಹಿಂಜರಿಯಿತು. ಬಡವರ ಮನೆಯದನ್ನು ತೆಗೆದುಕೊಳ್ಳುವುದೆ? ಬೇಡ, ಮಕ್ಕಳಿಗೆ ಇಟ್ಟುಕೋ ಎಂದುಬಿಟ್ಟರೆ ದೊಡ್ಡತನವಾಗುತ್ತಿತ್ತು. ಆದರೆ ಕೊಡುವ ಕೈ ತಮ್ಮದೊಂದೇ ಎಂದು ಹೇಳಿದಂತೆಯೂ ಆಗುತ್ತಿತ್ತು. ಅಜ್ಜಿ ಎರಡೂ ಕೈಯೊಡ್ಡಿ ತೆಗೆದುಕೊಂಡಳು. ಹೇಳಬೇಕೆನಿಸಿದ್ದಕ್ಕೆ ಅವಳ ಹರಕು ಬಂಗಾಳಿಯಲ್ಲಿ ಮಾತು ದೊರೆಯಲಿಲ್ಲ. ದೇ‌ವರ ಮುಂದಿಟ್ಟು, ಪಾಯಸ ಮಾಡಿ, ಮೊದಲ ಬಟ್ಟಲನ್ನು ಆಕೆಗೇ ಕೊಟ್ಟು, ಮೊಮ್ಮಗನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಉಂಡಳು. “ಇದಕ್ಕೆ ನಿನ್ನ ಅಪ್ಪ ದುಡ್ಡು ಕೊಟ್ಟಿಲ್ಲ, ಮಗು” ಎಂದಷ್ಟೇ ಹೇಳಿದಳು. ಹುಡುಗ ಬಟ್ಟಲಿನಲ್ಲಿ ಒಂದಗುಳನ್ನೂ ಬಿಡಲಿಲ್ಲ. ಮರುದಿನ ಹಿಡಿಯಕ್ಕಿ ಹಾಕುವಾಗ ಕೈ ಚಾಚಿದವನು ಅವನೇ.

1911ರಲ್ಲಿ ದಕ್ಷಿಣದ ತೀರ್ಥಯಾತ್ರೆಯ ಕಾಲದಲ್ಲಿ ಶ್ರೀಮಾತೆ ಶಾರದಾದೇವಿಯವರು ಬೆಂಗಳೂರಿನ ಆಶ್ರಮಕ್ಕೂ ಬಂದಿದ್ದರು. ದರ್ಶನಕ್ಕೆ ನೆರೆದ ಜನಕ್ಕೆ ಬಂಗಾಳಿ ತಿಳಿಯದು, ಅವರಿಗೆ ಈ ನಾಡಿನ ಭಾಷೆ ತಿಳಿಯದು. ಎಲ್ಲರೂ ಸುಮ್ಮನೆ ಕುಳಿತರು. ಇವರ ಭಾಷೆ ಬಂದಿದ್ದರೆ ಎರಡು ಮಾತಾಡಬಹುದಿತ್ತೆಂದು ಆ ತಾಯಿ ಮರುಗಿದಾಗ, ಮಾತಿನ ಅಗತ್ಯವೇ ಇಲ್ಲ, ಹೃದಯ ತುಂಬಿತೆಂದು ಜನ ಹೇಳಿದರಂತೆ. ಅಂದು ಬಂಗಾಳದ ತಾಯಿಯೊಬ್ಬರು ಕನ್ನಡನಾಡಿನಲ್ಲಿ ಪಡೆದ ಆದರವನ್ನು ಇಂದು ಕನ್ನಡದ ಮಕ್ಕಳು ಬಂಗಾಳದ ನೆಲದಲ್ಲಿ ಪಡೆಯುತ್ತಿದ್ದಾರೆ. ನೀರು, ನೆರಳು, ಅನ್ನ, ನೆರೆಹೊರೆಯ ವಿಶ್ವಾಸ ಇವುಗಳಲ್ಲಿ ಯಾವುದಕ್ಕೂ ರಸೀತಿ ದೊರೆಯುವುದಿಲ್ಲ. ದಸರೆಯ ದೀಪಗಳು ಆರಿ ಹೇಮಂತದ ಮಂಜು ಕವಿಯುವ ಮುನ್ನ ಪಡೆದದ್ದನ್ನು ಅರಿಯುವ ಬೆಳಕನ್ನೂ, ಅರಿತದ್ದನ್ನು ಮುಂದಕ್ಕೆ ಸಲ್ಲಿಸುವ ಶಕ್ತಿಯನ್ನೂ, ಕೊಡುವಾಗ ಬೀಗದ, ಪಡೆಯುವಾಗ ಕುಗ್ಗದ ಮನಸ್ಸನ್ನೂ ಅನ್ನಪೂರ್ಣೆಯಾದ ಆ ತಾಯಿ ಸಕಲರಿಗೂ ಅನುಗ್ರಹಿಸಲಿ.